ಮಣಿ ಕೊರೆಯುವ ಕೈ ಹಲ್ಲು ಕೊರೆದಾಗ

"ಹಿಂದಿನವರಿಗೆ ಹುಳುಕು ಹಲ್ಲೇ ಇರಲಿಲ್ಲ, ಅಲ್ವಾ ಡಾಕ್ಟ್ರೇ?" ಎಂದು ಕೇಳುವವರಿಗೆ ನಾನು ಮೆಹರ್‌ಗಢದ ವಿಷಯ ಹೇಳುತ್ತೇನೆ. ಬಾಯಿ ತೆರೆದುಕೊಂಡು ಕೂತವರು ಹೇಗೂ ಎದುರುತ್ತರ ಕೊಡಲಾರರು!

ಮೆಹರ್‌ಗಢ ಇರುವುದು ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಬೋಲಾನ್ ಕಣಿವೆಯ ಹತ್ತಿರ. ಹರಪ್ಪದ ನಗರಗಳು ಏಳುವುದಕ್ಕೆ ಸಾವಿರಾರು ವರ್ಷ ಮೊದಲೇ ಗೋಧಿ, ಬಾರ್ಲಿ ಬೆಳೆಯುತ್ತಿದ್ದವರ ಊರು ಅದು. ಅಲ್ಲಿನ ಸಮಾಧಿಗಳಲ್ಲಿ ಸಿಕ್ಕ ಒಂಬತ್ತು ಮಂದಿಯ 11 ದವಡೆ ಹಲ್ಲುಗಳಲ್ಲಿ ಬೇಕೆಂದೇ ಕೊರೆದ ತೂತುಗಳಿವೆ ಎಂದು 2006ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಬದುಕಿದ್ದದ್ದು ಇಂದಿಗೆ 9,000ದಿಂದ 7,500 ವರ್ಷಗಳ ಹಿಂದೆ. ಒಬ್ಬರ ಬಾಯಲ್ಲಿ ಮೂರು ಹಲ್ಲು ಕೊರೆಯಲಾಗಿತ್ತು.

ಸತ್ತ ಮೇಲೆ ಯಾರೋ ಕೊರೆದಿರಬಾರದೇಕೆ? ಮೂಳೆಯಾದರೆ ಗಾಯ ಕೂಡಿಕೊಂಡ ಗುರುತು ಉಳಿಯುತ್ತದೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಇಲ್ಲಿ ನೋಡಬೇಕಾದ್ದು ಸವೆತವನ್ನು. ತೂತಿನ ಒಳಗೋಡೆಯಲ್ಲಿ ಕೊರೆಮೊನೆ ತಿರುಗಿದ ಬಳೆಬಳೆಯಂಥ ಗೀರುಗಳಿವೆ, ಆದರೆ ಬಾಯಂಚು ಅಗಿದು ಅಗಿದು ನುಣುಪಾಗಿದೆ. ಅಂದರೆ ಕೊರೆಸಿಕೊಂಡವರು ಆ ಹಲ್ಲಿನಲ್ಲೇ ಮುಂದೆಯೂ ಊಟ ಮಾಡಿದ್ದಾರೆ.

ಉಪಕರಣ ಅವರ ಬಳಿ ಮೊದಲೇ ಇತ್ತು. ಅದು ಕಲ್ಲಿನ ಮಣಿ ಮಾಡುವ ಊರು. ಚಕಮಕಿ ಕಲ್ಲಿನ ಮೊನೆ ಕಟ್ಟಿದ ಕಡ್ಡಿಗೆ ಬಿಲ್ಲಿನ ದಾರ ಸುತ್ತಿ, ಬಡಗಿಯ ಹಳೇ ಬೈರಿಗೆಯ ಹಾಗೆ ಹಿಂದೆ ಮುಂದೆ ಎಳೆಯುವುದು. ಸಂಶೋಧಕರು ಅಂಥದ್ದೇ ಒಂದನ್ನು ಮಾಡಿ ಪ್ರಯೋಗಿಸಿದಾಗ ಒಂದು ನಿಮಿಷದೊಳಗೆ ಎನಾಮಲ್‌ನಲ್ಲಿ ತೂತು ಬಿತ್ತು. ಎನಾಮಲ್‌ನಲ್ಲಿ ನರವಿಲ್ಲ, ಅಲ್ಲಿಯವರೆಗೆ ತಡೆದುಕೊಳ್ಳಬಹುದು. ಆದರೆ ಈ ತೂತುಗಳ ಆಳ 0.5ರಿಂದ 3.5 ಮಿಲಿಮೀಟರ್. ಮೊನೆ ಎನಾಮಲ್‌ನ ಕೆಳಗಿನ, ನೋವು ತಿಳಿಯುವ ಪದರವಾದ ಡೆಂಟಿನ್ ಮುಟ್ಟಿದ ಕ್ಷಣ ಏನಾಗುತ್ತದೆ ಎಂದು ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದ ಯಾರನ್ನಾದರೂ ಕೇಳಿ. ತಲೆಯನ್ನು ಒಬ್ಬರು ಹಿಡಿದುಕೊಳ್ಳದೆ ಈ ಕೆಲಸ ಆಗಿರಲಾರದು ಎಂಬುದು ನನ್ನ ಊಹೆ.

ಇದನ್ನು ಚಿಕಿತ್ಸೆ ಎನ್ನಬಹುದೇ? ಕೊರೆದ ಹಲ್ಲುಗಳಲ್ಲಿ ಹುಳುಕಿನ ಗುರುತು ಇದ್ದದ್ದು ನಾಲ್ಕರಲ್ಲಿ ಮಾತ್ರ. ಅಲಂಕಾರ ಎನ್ನೋಣವೆಂದರೆ ಎಲ್ಲವೂ ಹಿಂದಿನ ದವಡೆ ಹಲ್ಲುಗಳು, ನಕ್ಕರೂ ಕಾಣುವುದಿಲ್ಲ. ಒಂದು ಹಲ್ಲಿನಲ್ಲಂತೂ ತೂತು ಕೊರೆದ ಮೇಲೆ ಸಣ್ಣ ಉಪಕರಣದಿಂದ ಒಳಗೋಡೆಯನ್ನು ಕೆತ್ತಿ ಸರಿಮಾಡಿದ್ದಾರೆ. ನಾವು ಫಿಲ್ಲಿಂಗ್‌ಗೆ ಮೊದಲು ಮಾಡುವುದೂ ಅದನ್ನೇ. ಹಾಗಾಗಿ ನನ್ನ ಮತ ಚಿಕಿತ್ಸೆಯ ಕಡೆಗೇ, ಎಲ್ಲ ಹನ್ನೊಂದಕ್ಕೂ ಅಲ್ಲದಿದ್ದರೂ.

ಮೆಹರ್‌ಗಢದ ತೂತುಗಳಲ್ಲಿ ಫಿಲ್ಲಿಂಗ್ ಸಿಕ್ಕಿಲ್ಲ, ಇಟ್ಟಿದ್ದರೂ ಕರಗಿಹೋಗಿರಬಹುದು. ಸ್ಲೊವೇನಿಯಾದ ಲೊಂಚೆಯಲ್ಲಿ ಸಿಕ್ಕ ಸುಮಾರು 6,500 ವರ್ಷ ಹಳೆಯ ಕೋರೆಹಲ್ಲೊಂದರ ಬಿರುಕಿನಲ್ಲಿ ಜೇನುಮೇಣ ಇತ್ತು. ಬದುಕಿದ್ದಾಗಲೇ ತುಂಬಿದ್ದಾದರೆ ಜುಂ ಎನ್ನುವ ನೋವಿಗೆ ಅದರಿಂದ ಒಂದಿಷ್ಟು ಆರಾಮ ಸಿಕ್ಕಿರುತ್ತದೆ.

ನನಗೆ ಬಗೆಹರಿಯದ್ದು ಮುಂದಿನ ಸಂಗತಿ. ಮೆಹರ್‌ಗಢದಲ್ಲಿ ಈ ಪದ್ಧತಿ ಸುಮಾರು 1,500 ವರ್ಷ ನಡೆಯಿತು. ಅದೇ ಊರಿನ ನಂತರದ ಸಮಾಧಿಗಳಲ್ಲಿ ಹಲ್ಲುಗಳ ಸ್ಥಿತಿ ಕೆಟ್ಟದಾಗಿಯೇ ಇದೆ, ಕೊರೆದದ್ದು ಮಾತ್ರ ಒಂದೂ ಇಲ್ಲ. ಮಣಿ ಕೊರೆಯುವ ಕಸುಬು ಆ ನಾಡಿನಲ್ಲಿ ಹರಪ್ಪದವರ ಕಾಲದವರೆಗೂ ಬೆಳೆಯುತ್ತಲೇ ಹೋಯಿತು. ಬಾಯಿಗೆ ಕೈಹಾಕುವವರು ಯಾಕೆ ಇಲ್ಲವಾದರೋ.