ಹಾಪ್ ಕ್ಯಾಪ್ಸೂಲಿನಲ್ಲಿ ಫ್ಲೇವನಾಯ್ಡ್ ಎಷ್ಟು? ಅಳತೆ ಬದಲಾಗುತ್ತ ಬಂದ ಬಗೆ

ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿ ತಂಪು ನಾಡಿನದು. ಕಲಬುರಗಿಯ ತೊಗರಿ ಹೊಲಗಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ನಿದ್ದೆಗೆಂದೋ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯಾಗಿ ಬೆವರುವುದಕ್ಕೆಂದೋ ಮಾರುವ ಹಾಪ್ ಕ್ಯಾಪ್ಸೂಲನ್ನು ಇಲ್ಲಿ ಕೂತೇ ತರಿಸಿಕೊಳ್ಳಬಹುದು. ಡಬ್ಬಿಯ ಮೇಲೆ ‘ಒಟ್ಟು ಫ್ಲೇವನಾಯ್ಡ್’ (ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕಗಳ ಗುಂಪು) ಎಂದಷ್ಟೇ ಇದ್ದರೆ, ಆ ಅಂಕಿ ಯಾವ ವಿಧಾನದಿಂದ ಬಂತೆಂದು ಕೇಳಲೇಬೇಕು.

ಹಾಪ್ ಹೂವಿನ ಹಳದಿ ಪುಡಿಯಲ್ಲಿರುವ ಮುಖ್ಯ ಫ್ಲೇವನಾಯ್ಡ್ ಝಾಂತೋಹ್ಯೂಮಾಲ್. 1913ರಲ್ಲೇ ಅದಕ್ಕೆ ಹೆಸರು ಬಿದ್ದಿತ್ತು, ರಚನೆ ಗೊತ್ತಾಗಲು 1957 ಬರಬೇಕಾಯಿತು. 1960ರ ಸುಮಾರಿಗೆ ಬಂದ ಅಲ್ಯುಮಿನಿಯಂ ಕ್ಲೋರೈಡ್ ವಿಧಾನ ಅಗ್ಗ, ಸುಲಭ: ಸಾರಕ್ಕೆ ಆ ಲವಣ ಸೇರಿಸಿ ಅರ್ಧ ಗಂಟೆ ಬಿಟ್ಟು, 415 ನ್ಯಾನೋಮೀಟರಿನಲ್ಲಿ ಹಳದಿ ಬಣ್ಣದ ಗಾಢತೆ ನೋಡುವುದು. ಹಾಪ್‌ಗೆ ಇದು ಒಗ್ಗುವುದಿಲ್ಲ. ಹೋಲಿಕೆಗೆ ಇಡುವ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಹಾಪ್‌ನ ಮುಖ್ಯ ಫ್ಲೇವನಾಯ್ಡ್ ಅಲ್ಲ. ಝಾಂತೋಹ್ಯೂಮಾಲ್ ತಾನೇ ಹಳದಿ. ಲವಣ ಹಾಕದ ಸಾರದ ಅಂಕಿ ಕಳೆಯದಿದ್ದರೆ ಫಲಿತಾಂಶ ಉಬ್ಬುತ್ತದೆ.

1999ರಲ್ಲಿ ಹಾಪ್‌ನ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನು) ತರಹದ ಗುಣಕ್ಕೆ 8-ಪ್ರಿನೈಲ್‌ನರಿಂಜೆನಿನ್ ಎಂಬ ಇನ್ನೊಂದು ಫ್ಲೇವನಾಯ್ಡ್ ಕಾರಣವೆಂದು ತಿಳಿದಾಗ ‘ಒಟ್ಟು’ ಎಂಬ ಲೆಕ್ಕ ಸಾಲದಾಯಿತು. ಮುಂದಿನ ಪ್ರಯೋಗಗಳಲ್ಲಿ ಅದನ್ನು ಕೊಟ್ಟ ದಿನದ ಪ್ರಮಾಣ 100 ಇಲ್ಲವೇ 250 ಮೈಕ್ರೋಗ್ರಾಂ ಮಾತ್ರ. ಒಂದೊಂದನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಅನಿವಾರ್ಯವಾಯಿತು.

ಇಪ್ಪತ್ತು ಕ್ಯಾಪ್ಸೂಲಿನ ಪುಡಿ ಬೆರೆಸಿ, 100 ಮಿಲಿಗ್ರಾಂ ತೂಗಿ, ಮೆಥನಾಲ್‌ನಲ್ಲಿ 50 ಮಿಲಿಗೆ ತನ್ನಿ. 500 ಮಿಲಿಗ್ರಾಂ ಪುಡಿಯಲ್ಲಿ 5 ಮಿಲಿಗ್ರಾಂ ಝಾಂತೋಹ್ಯೂಮಾಲ್ ಇದ್ದರೆ ದ್ರಾವಣದಲ್ಲಿ ಮಿಲಿಗೆ 20 ಮೈಕ್ರೋಗ್ರಾಂ ಬರುತ್ತದೆ. ಪ್ರಮಾಣ ಗೊತ್ತಿರುವ ದ್ರಾವಣಗಳಿಂದ ಎಳೆದ, ಮಿಲಿಗೆ 1ರಿಂದ 50 ಮೈಕ್ರೋಗ್ರಾಂವರೆಗಿನ ಸ್ಟ್ಯಾಂಡರ್ಡ್ ಗೆರೆಯೊಳಗೆ ಅದು ಹಾಯಾಗಿ ಕೂರುತ್ತದೆ. ಬೇರ್ಪಡಿಸುವ ಕೊಳವೆಯಾಗಿ ಸಿ-18 ಕಾಲಂ ಸಾಕು. ಕಂದು ಗಾಜಿನ ಸೀಸೆ ಬೇಕೇ ಬೇಕು, ಬೆಳಕು ಇದನ್ನು ಕೆಡಿಸುತ್ತದೆ.

ನಮ್ಮ ಕಡೆ ದೊಡ್ಡ ಶತ್ರು ಬಿಸಿಲು. ಮೇ ತಿಂಗಳಲ್ಲಿ ಮಾಳಿಗೆ ಟ್ಯಾಂಕಿನ ನೀರನ್ನೇ ಸೋನಿಕೇಟರಿಗೆ (ಶಬ್ದದ ಅಲೆಗಳಿಂದ ಅಲುಗಿಸಿ ಸಾರ ಬಿಡಿಸುವ ನೀರಿನ ತೊಟ್ಟಿ) ಸುರಿದರೆ ಮೆಥನಾಲ್ ಆರಿ ಸಾರ ಗಟ್ಟಿಯಾಗುತ್ತದೆ. ಮಂಜುಗಡ್ಡೆ ಹಾಕಿ. 40 ಡಿಗ್ರಿಯಲ್ಲಿ ಗೆರೆಯವರೆಗೆ ತುಂಬಿದ ಫ್ಲಾಸ್ಕ್ 20 ಡಿಗ್ರಿಗೆ ಇಳಿದಾಗ ಮೆಥನಾಲ್ ಶೇ. 2ಕ್ಕೂ ಹೆಚ್ಚು ಕುಗ್ಗಿರುತ್ತದೆ. ತಣಿಸಿದ ಮೇಲೆಯೇ ಗೆರೆ ಮುಟ್ಟಿಸಿ.

ಕಾಸಿದರೆ ಇನ್ನೊಂದು ಮೋಸ: ಝಾಂತೋಹ್ಯೂಮಾಲ್ ಐಸೋಝಾಂತೋಹ್ಯೂಮಾಲ್ ಆಗಿ ಮಾರ್ಪಡುತ್ತದೆ. ಮೊದಲನೆಯದು 370 ನ್ಯಾನೋಮೀಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಎರಡನೆಯದು 290ರಲ್ಲಿ. ಹಾಗಾಗಿ ಎರಡೂ ಕಡೆ ನೋಡಿ. 370ರ ಶಿಖರ ತಗ್ಗಿ 290ರಲ್ಲಿ ಹೊಸದೊಂದು ಎದ್ದಿದ್ದರೆ, ಕ್ಯಾಪ್ಸೂಲನ್ನು ದೂರುವ ಮೊದಲು ತಂಪಿನಲ್ಲಿ ಸಾರ ತೆಗೆದು ಮತ್ತೊಮ್ಮೆ ಓಡಿಸಿ.