36ಕ್ಕೆ ಪಿಎಚ್‌ಡಿ ಸೇರಿದರೆ ತಡವಾಯಿತೇ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಯಸ್ಸು 36, ಮಗಳಿಗೆ ಮೂರು ವರ್ಷ. ಉಪನ್ಯಾಸಕರಾಗಲು ಬೇಕಾದ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿದೆ. ಈಗ ಪಿಎಚ್‌ಡಿಗೆ ಸೇರಿದರೆ ಮುಗಿಸಲು ಸಾಧ್ಯವೇ? ಮನೆಯಲ್ಲಿ ‘ಈ ವಯಸ್ಸಿನಲ್ಲಿ ಯಾಕೆ’ ಎನ್ನುತ್ತಾರೆ.

ಉತ್ತರ: ಪಿಎಚ್‌ಡಿ ಅಧಿಸೂಚನೆ ಹೊರಡುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ನನ್ನ ಬಳಿ ಬರುತ್ತದೆ. ಒಮ್ಮೆ 29, ಒಮ್ಮೆ 34, ಹೋದ ಸಲ 41. ವಯಸ್ಸು ಬದಲಾಗುತ್ತದೆ, ‘ಮನೆಯಲ್ಲಿ ಎನ್ನುತ್ತಾರೆ’ ಎಂಬ ಕೊನೆಯ ವಾಕ್ಯ ಮಾತ್ರ ಹಾಗೆಯೇ ಇರುತ್ತದೆ.

ತಡವಾಗಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪಿಎಚ್‌ಡಿ ನಿಯಮಾವಳಿಯಲ್ಲಿ ಪ್ರವೇಶಕ್ಕೆ ವಯೋಮಿತಿಯೇ ಇಲ್ಲ. ವಯೋಮಿತಿ ಇರುವುದು ದುಡ್ಡಿಗೆ. ಸಂಶೋಧನೆಗೆ ತಿಂಗಳು ತಿಂಗಳು ಹಣ ಕೊಡುವ ಜೆಆರ್‌ಎಫ್ ಫೆಲೋಶಿಪ್‌ಗೆ ಸಾಮಾನ್ಯ ಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ಎಂದರೆ ನಿಮಗೆ ಅದು ಒಂದೇ ವರ್ಷದಲ್ಲಿ ಕೈತಪ್ಪಿದೆ. ತಿಂಗಳಿಗೆ 37,000 ರೂಪಾಯಿಯ ಆ ಬಾಗಿಲು ಮುಚ್ಚಿತೆಂದು ಇಡೀ ಮನೆಗೇ ಬೀಗ ಬಿದ್ದಿದೆ ಅಂದುಕೊಂಡವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಇನ್ನು ಮುಗಿಸುವ ಮಾತು. ನವೆಂಬರ್ 2022ರಲ್ಲಿ ಹೊರಬಂದ ನಿಯಮಾವಳಿಯ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿಕೊಂಡರೆ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು. ಒಟ್ಟು ಹತ್ತು ದಾಟುವಂತಿಲ್ಲ. ಇಡೀ ಅವಧಿಯಲ್ಲಿ ಒಂದು ಬಾರಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಇದೆ. ಮದುವೆಯಾಗಿಯೋ ಬೇರೆ ಕಾರಣಕ್ಕೋ ಊರು ಬಿಟ್ಟರೆ, ಮಾಡಿದ ಸಂಶೋಧನೆಯ ದತ್ತಾಂಶವನ್ನು ಹೊಸ ವಿಶ್ವವಿದ್ಯಾಲಯಕ್ಕೆ ಒಯ್ಯಲು ಅವಕಾಶವಿದೆ. ಹಳೆಯ ಗೈಡ್‌ಗೂ ಸಂಸ್ಥೆಗೂ ಸಲ್ಲಬೇಕಾದ ಶ್ರೇಯ ಸಲ್ಲಬೇಕು, ಕೆಲಸವು ಬೇರೆಯವರು ಹಣ ಕೊಟ್ಟ ಯೋಜನೆಯ ಭಾಗವಾಗಿರಬಾರದು, ಅಷ್ಟೇ. ಮದುವೆಯ ಮರುದಿನವೇ ಸಂಶೋಧನೆಗೆ ತಿಲಾಂಜಲಿ ಇಟ್ಟ ಹುಡುಗಿಯರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತೋ!

ಗೊತ್ತಿದ್ದರೂ ಸಾಲದು, ಕಾಗದದಲ್ಲಿ ಇರಬೇಕು. ನನ್ನದೇ ಕಥೆ ಕೇಳಿ. ಮಗ ಹುಟ್ಟಿದಾಗ ನಾನು ರಜೆ ಕೇಳಿದ್ದು ಬಾಯಿಮಾತಿನಲ್ಲಿ, ವಿಭಾಗದ ಕಾರಿಡಾರಿನಲ್ಲಿ ನಿಂತುಕೊಂಡು. ‘ಹೋಗಿ ಬನ್ನಿ ಅಮ್ಮಾ, ಆಮೇಲೆ ನೋಡೋಣ’ ಎಂದರು. ಏಳು ತಿಂಗಳ ನಂತರ ಹೋದರೆ ನನ್ನ ಪ್ರಗತಿ ವರದಿಯ ಕಾಲಂನಲ್ಲಿ ಕೆಂಪು ಶಾಯಿಯಲ್ಲಿ ‘ಗೈರು’ ಎಂದಿತ್ತು. ಆ ಎರಡಕ್ಷರ ಅಳಿಸಲು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಮೂರು ಬಾರಿ ಆಡಳಿತ ಕಚೇರಿಯ ಮೆಟ್ಟಿಲು ಹತ್ತಿದೆ. ಆದ್ದರಿಂದ ಅರ್ಜಿ ಎರಡು ಪ್ರತಿ ಮಾಡಿ, ಒಂದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಮನೆಗೆ ತನ್ನಿ.

ಕಾಗದದ ಬೆಲೆ ಏನೆಂದು ತಿಳಿಯಬೇಕಾದರೆ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯವನ್ನು ನೆನೆಯಬೇಕು. ಅಣ್ಣಾ ಮಣಿ ಅವರು ಸಿ.ವಿ. ರಾಮನ್ ಅವರ ಕೈಕೆಳಗೆ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿ ಬರೆದ ಪ್ರಬಂಧ ಅಲ್ಲಿದೆ. 1945ರಲ್ಲಿ ಅದನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ್ದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಪ್ರಬಂಧ ಇದೆ, ಪದವಿ ಇಲ್ಲ! ಅವರು ಮುಂದೆ ಹವಾಮಾನ ಇಲಾಖೆಯಲ್ಲಿ ದೇಶಕ್ಕೇ ಬೇಕಾದ ಉಪಕರಣಗಳನ್ನು ರೂಪಿಸಿದರು, ಅದು ಬೇರೆ ಮಾತು.

ಹಣದ ಬಗ್ಗೆ. ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೂ ಅವಕಾಶ ಕೊಡುತ್ತದೆ. ಕೆಲಸ ಮಾಡುವ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಸಂಬಳ ಬಿಡಲಾಗದ ನಿಮ್ಮಂಥವರಿಗೆ ಇದೇ ದಾರಿ ಎನ್ನಬಹುದು. ನಿಮ್ಮ ವಿಷಯ ವಿಜ್ಞಾನವಾದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಪಿಎಚ್‌ಡಿ ಯೋಜನೆ ನೋಡಿ, ಅದು 27ರಿಂದ 45 ವರ್ಷದ ಮಹಿಳೆಯರಿಗೆಂದೇ ಇರುವುದು. ನೀವು ತಂದೆತಾಯಿಗೆ ಏಕೈಕ ಸಂತಾನವಾಗಿದ್ದರೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಕೂಡ ಇದೆ, ಆದರೆ ಅದು ಪೂರ್ಣಾವಧಿಯವರಿಗೆ.

ಇಲ್ಲಿ ಒಂದು ಅಪ್ರಿಯ ಮಾತನ್ನೂ ಹೇಳಿಬಿಡುತ್ತೇನೆ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಜಿಗಷ್ಟೇ ಪಿಎಚ್‌ಡಿ ಬೇಕೆಂದಿದ್ದರೆ, ಜುಲೈ 1, 2023ರಿಂದ ಅದು ಕಡ್ಡಾಯವಲ್ಲ. ರಾಷ್ಟ್ರ ಮಟ್ಟದ ನೆಟ್ ಅಥವಾ ರಾಜ್ಯ ಮಟ್ಟದ ಸೆಟ್ ಕನಿಷ್ಠ ಅರ್ಹತೆ, ನಿಮ್ಮ ಬಳಿ ಅದು ಈಗಾಗಲೇ ಇದೆ. ಸಹ ಪ್ರಾಧ್ಯಾಪಕಿಯಾಗಲು ಮಾತ್ರ ಡಾಕ್ಟರೇಟ್ ಬೇಕೇ ಬೇಕು. ಬಡ್ತಿಯೊಂದರ ಆಸೆ ಆರು ವರ್ಷ ಎಳೆದುಕೊಂಡು ಹೋಗುವಷ್ಟು ಗಟ್ಟಿಯಲ್ಲ. ಪಾಠ ಮಾಡುವಾಗ ನಿಮ್ಮನ್ನು ಮತ್ತೆ ಮತ್ತೆ ಕಾಡುವ ಪ್ರಶ್ನೆ ಒಂದಾದರೂ ಇದ್ದರೆ ಸೇರಿ.

ಈಗ ಮನೆಗೆ ಬರೋಣ. 1933ರಲ್ಲಿ ಕಮಲಾ ಭಾಗವತ್ (ಮುಂದೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ) ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದಾಗ ಹೆಣ್ಣೆಂಬ ಕಾರಣಕ್ಕೆ ಅಲ್ಲಿನ ನಿರ್ದೇಶಕ ರಾಮನ್ ಒಲ್ಲೆ ಎಂದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಸೇರಿಸಿಕೊಂಡದ್ದು ಷರತ್ತಿನ ಮೇಲೆ: ಮೊದಲ ವರ್ಷ ಪರೀಕ್ಷಾರ್ಥ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ, ಗಂಡಸರ ಚಿತ್ತ ಕೆಡಿಸಬಾರದು. 1939ರಲ್ಲಿ ಅವರು ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಇಂದು ಸಂಸ್ಥೆಗಳು ಅಂಥ ಷರತ್ತು ಹಾಕುವಂತಿಲ್ಲ. ಅದು ಈಗ ನಮ್ಮ ಮನೆಗಳಿಗೆ ವರ್ಗವಾಗಿದೆ: ‘ಓದಿಕೋ, ಯಾರು ಬೇಡ ಅಂದರು? ಮನೆ ಕೆಲಸ ಮಾತ್ರ ನಿಲ್ಲಬಾರದು.’

ಈ ‘ಓದಿಕೋ’ ಎಂಬ ಉದಾರತೆಗೆ ನಾನೂ ಮರುಳಾಗಿದ್ದೆ. ನನ್ನ ಮೂರನೆಯ ಅಧ್ಯಾಯದ ಕರಡಿನ ಮೇಲೆ ಇಂದಿಗೂ ಸಾರಿನ ಪಾತ್ರೆಯ ಹಳದಿ ಉಂಗುರವಿದೆ, ಊಟದ ಮೇಜೇ ನನ್ನ ಓದುವ ಮೇಜಾಗಿತ್ತು. ಆ ಅಧ್ಯಾಯಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ನಾಲ್ಕನೆಯದಕ್ಕೆ ನಾಲ್ಕೇ ತಿಂಗಳು. ಬುದ್ಧಿ ಹೆಚ್ಚಾದದ್ದಲ್ಲ. ಗಂಡನಿಗೆ ‘ಸಹಾಯ ಮಾಡಿ’ ಎನ್ನುವುದನ್ನು ಬಿಟ್ಟು ‘ಶನಿವಾರ ಹತ್ತರಿಂದ ಮೂರರವರೆಗೆ ಮಗ ನಿಮ್ಮವನು’ ಎಂದೆ. ಅವರು ಅವನನ್ನು ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಕರೆದೊಯ್ಯುತ್ತಿದ್ದರು, ನಾನು ಗ್ರಂಥಾಲಯಕ್ಕೆ. ಮೊದಲ ಎರಡು ವಾರ ಮಧ್ಯಾಹ್ನ ಹನ್ನೆರಡಕ್ಕೆ ‘ಅವನ ಟೋಪಿ ಎಲ್ಲಿ?’ ಎಂದು ಫೋನ್ ಬರುತ್ತಿತ್ತು. ಮೂರನೆಯ ವಾರ ಮೊಬೈಲನ್ನು ಬ್ಯಾಗಿನ ಜೊತೆ ಕೌಂಟರಿನಲ್ಲಿ ಬಿಟ್ಟು ಒಳಗೆ ಹೋದೆ. ಟೋಪಿ ಸಿಕ್ಕಿತು.

ಹಾಗಾಗಿ ಮನೆಯಲ್ಲಿ ಅನುಮತಿ ಕೇಳಬೇಡಿ, ಗಂಟೆ ಕೇಳಿ. ವಾರದ ಯಾವ ದಿನ, ಎಷ್ಟರಿಂದ ಎಷ್ಟರವರೆಗೆ, ಮಗು ಯಾರ ಬಳಿ ಎಂದು.

ಗೈಡ್ ಆಯ್ಕೆಯಲ್ಲಿ ಅವಸರ ಬೇಡ. ಪ್ರಾಧ್ಯಾಪಕರು ಒಂದು ಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಪಿಎಚ್‌ಡಿ ವಿದ್ಯಾರ್ಥಿಗಳಿಗಷ್ಟೇ ಮಾರ್ಗದರ್ಶನ ಮಾಡಬಹುದು, ಆದ್ದರಿಂದ ಜಾಗ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಆಮೇಲೆ ಅವರ ಕೋಣೆಗೆ ಹೋಗುವ ಮುನ್ನ ಅವರ ವಿದ್ಯಾರ್ಥಿನಿಯರಲ್ಲಿ ಒಬ್ಬರನ್ನು ಕ್ಯಾಂಟೀನಿಗೆ ಕರೆದು ಕಾಫಿ ಕುಡಿಸಿ. ಒಂದು ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ, ಮಗುವಿಗೆ ಜ್ವರ ಎಂದು ಭೇಟಿ ತಪ್ಪಿಸಿದರೆ ಏನನ್ನುತ್ತಾರೆ, ಅವರ ಬಳಿ ಸೇರಿದ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿಸಿದ್ದಾರೆ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಆಕೆ ತುಸು ಹೊತ್ತು ಸುಮ್ಮನಾದರೆ, ಕಾಫಿ ಮುಗಿಸಿ ಇನ್ನೊಂದು ವಿಭಾಗದ ಕಡೆ ನಡೆಯಿರಿ.