ಮೊಸರಿಲ್ಲದೆ ಖಾರದ ಬ್ರೆಡ್ ಉಬ್ಬುತ್ತದೆಯೇ?

ಪ್ರಶ್ನೆ: “ಹಾಲು, ಮೊಸರು, ಬೆಣ್ಣಿ, ತತ್ತಿ ಎಲ್ಲಾ ಬಿಟ್ಟೇವ್ರಿ. ಮುಂಜಾನಿ ನಾಷ್ಟಾಕ್ಕ ಮನ್ಯಾಗ ಖಾರದ ಬ್ರೆಡ್ ಮಾಡಿದ್ರ ಕಲ್ಲಾಗತೈತಿ. ಮೊಸರು ಹಾಕಲಾರದ ಅದು ಉಬ್ಬೂದಿಲ್ಲೇನ್ರಿ?” (ಹುಬ್ಬಳ್ಳಿಯ ಓದುಗರು)

ಉತ್ತರ: ಖಂಡಿತ ಉಬ್ಬುತ್ತದೆ. ಬ್ರೆಡ್ ಉಬ್ಬಿಸುವುದು ಮೊಸರಲ್ಲ, ಮೊಸರಿನ ಹುಳಿ. ಅಡುಗೆ ಸೋಡಾಕ್ಕೆ ಹುಳಿ ತಾಗಿದ ಕೂಡಲೇ ಅನಿಲ ಹುಟ್ಟುತ್ತದೆ. ಆ ಗುಳ್ಳೆಗಳು ಹಿಟ್ಟಿನಲ್ಲಿ ಸಿಕ್ಕಿಕೊಂಡು, ಕಾವಿಗೆ ಹಿಗ್ಗುತ್ತವೆ. ಮೊಸರು ಬಿಟ್ಟು ಸೋಡಾ ಮಾತ್ರ ಹಾಕಿದರೆ ಬ್ರೆಡ್ ಗಟ್ಟಿಯಾಗುತ್ತದೆ, ಸಾಬೂನಿನ ರುಚಿಯೂ ಬರುತ್ತದೆ. ಅರ್ಧ ಚಹಾ ಚಮಚ ಸೋಡಾಕ್ಕೆ ಒಂದು ದೊಡ್ಡ ಚಮಚ ಲಿಂಬೆರಸ ಸಾಕು.

ತತ್ತಿಯ ಬದಲು ಅಗಸಿ. ಚಟ್ನಿಪುಡಿಗೆಂದು ತಂದಿಟ್ಟ ಅಗಸಿಯನ್ನೇ ಹುರಿಯದೆ ನುಣ್ಣಗೆ ಪುಡಿ ಮಾಡಿ. ಒಂದು ದೊಡ್ಡ ಚಮಚ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಲೋಳೆಯಾಗುತ್ತದೆ. ಹಿಟ್ಟನ್ನು ಹಿಡಿದಿಡಲು ಒಂದು ತತ್ತಿ ಮಾಡುವ ಕೆಲಸವನ್ನು ಇಷ್ಟು ಲೋಳೆಯೇ ಮಾಡುತ್ತದೆ. ಹಾಲಿನ ಬದಲು ಶೇಂಗಾ ಹಾಲು: ಅರ್ಧ ಕಪ್ ಶೇಂಗಾ ರಾತ್ರಿ ನೆನೆಹಾಕಿ, ಒಂದೂವರೆ ಕಪ್ ನೀರಿನಲ್ಲಿ ರುಬ್ಬಿ ಸೋಸಿ. ಬಟ್ಟೆಯಲ್ಲಿ ಉಳಿದ ಹಿಂಡಿಯನ್ನು ಚೆಲ್ಲಬೇಡಿ, ತಾಲಿಪೆಟ್ಟಿನ ಹಿಟ್ಟಿಗೆ ಅದು ಬಹಳ ರುಚಿ. ಮನೆಯಲ್ಲಿ ಯಾರಿಗಾದರೂ ಶೇಂಗಾ ಆಗದಿದ್ದರೆ ತೆಂಗಿನ ಹಾಲು ನಡೆಯುತ್ತದೆ.

ಇನ್ನು ಹಿಟ್ಟು. ಧಾರವಾಡ, ಗದಗ ಸೀಮೆಯವರಿಗೆ ಎಲ್ಲದರಲ್ಲೂ ಜೋಳ ಬೇಕು, ನನಗೂ ಬೇಕು. ಆದರೆ ಗೋಧಿ ಹಿಟ್ಟಿಗೆ ಜಿಗಿ ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಜೋಳದಲ್ಲಿ ಇಲ್ಲ. ಅದಕ್ಕೇ ರೊಟ್ಟಿಗೆ ಕುದಿಯುವ ನೀರು ಹಾಕಿ ಹಿಟ್ಟಿಗೆ ಜಿಗಿ ತರುತ್ತೇವೆ. ಬರೀ ಜೋಳದ ಬ್ರೆಡ್ಡಿನಲ್ಲಿ ಗುಳ್ಳೆ ಹಿಡಿದಿಡುವವರೇ ಇಲ್ಲದೆ ಅದು ಪುಡಿಪುಡಿಯಾಗುತ್ತದೆ. ಒಂದು ಕಪ್ ಗೋಧಿ ಹಿಟ್ಟಿಗೆ ಅರ್ಧ ಕಪ್ ಜೋಳದ ಹಿಟ್ಟು ಸೇರಿಸಿ, ಅದಕ್ಕಿಂತ ಹೆಚ್ಚು ಬೇಡ.

ಈ ಹಿಟ್ಟಿಗೆ ಸೋಡಾ, ಮುಕ್ಕಾಲು ಚಹಾ ಚಮಚ ಉಪ್ಪು, ಅಜವಾನ, ಎಳ್ಳು ಕಲಸಿ. ಹೆಚ್ಚಿದ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ. ಖಾರಪುಡಿ ಹಾಕುವುದಾದರೆ ಬ್ಯಾಡಗಿಯದು: ಬಣ್ಣ ಕೆಂಪಗೆ ಬರುತ್ತದೆ, ಖಾರ ಏರುವುದಿಲ್ಲ. ಬೇರೆ ಪಾತ್ರೆಯಲ್ಲಿ ಒಂದು ಕಪ್ ಶೇಂಗಾ ಹಾಲು, ಕಾಲು ಕಪ್ ಶೇಂಗಾ ಅಥವಾ ಕುಸುಬಿ ಎಣ್ಣೆ, ಅಗಸಿ ಲೋಳೆ, ಲಿಂಬೆರಸ ಕಲಸಿಡಿ. ಒಲೆ ಕಾದ ಮೇಲೆಯೇ ಎರಡನ್ನೂ ಕೂಡಿಸಿ. ಬಹಳ ಜನರ ಬ್ರೆಡ್ ಕೆಡುವುದು ಇಲ್ಲೇ. ಹುಳಿ ತಾಗಿದ ಕ್ಷಣದಿಂದ ಗುಳ್ಳೆ ಹೊರಡಲು ಶುರು, ಕಲಸಿಟ್ಟು ಸ್ನಾನಕ್ಕೆ ಹೋದರೆ ಮುಗಿಯಿತು. ಹಿಟ್ಟು ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಬಹಳ ತಿರುವಬೇಡಿ, ತಿರುವಿದಷ್ಟೂ ಬ್ರೆಡ್ ಬಿರುಸು.

ಓವನ್ನಿನಲ್ಲಿ 180 ಡಿಗ್ರಿಗೆ ಸುಮಾರು 35 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಡಬರಿಯಲ್ಲಿ ಒಂದಿಂಚು ಉಪ್ಪು ಹರವಿ, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಹಿಟ್ಟಿನ ಪಾತ್ರೆ ಇಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಬೇಯಿಸಿ. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಪೂರ್ತಿ ಆರಿದ ಮೇಲೆಯೇ ಕತ್ತರಿಸಿ.

ಯೀಸ್ಟ್ ಹಾಕುವ ಪಾವ್‌ಗಂತೂ ಹಾಲು, ತತ್ತಿ ಬೇಕಾಗಿಯೇ ಇಲ್ಲ. ಹಿಟ್ಟು, ನೀರು, ಉಪ್ಪು, ಯೀಸ್ಟ್, ತುಸು ಎಣ್ಣೆ ಸಾಕು. ಆದರೆ ಪೇಟೆಯ ಬ್ರೆಡ್, ಟೋಸ್ಟ್‌ಗಳಲ್ಲಿ ಹಾಲಿನ ಪುಡಿ ಇರಬಹುದು, ಪೊಟ್ಟಣ ಓದಿ ಕೊಳ್ಳಿ.

ಬೇಕಿಂಗ್‌ಗೆ ಬಿಡುವಿಲ್ಲದ ದಿನ ಚುರಮುರಿ ಸೂಸಲಾ, ಒಗ್ಗರಣೆ ಅವಲಕ್ಕಿ, ತಾಲಿಪೆಟ್ಟು ಇದ್ದೇ ಇವೆ. ಅವುಗಳಲ್ಲಿ ಹಾಲಿನ ಹನಿಯೂ ಇಲ್ಲ. ರೊಟ್ಟಿ-ಚಟ್ನಿಪುಡಿಗೆ ಗಟ್ಟಿ ಮೊಸರು ಬೇಕೆನಿಸಿದಾಗ ಗಾಣದ ಹಸಿ ಎಣ್ಣೆಯಲ್ಲಿ ಪುಡಿ ಕಲಸಿ ನೋಡಿ. ನನಗೆ ಅದೇ ಹೆಚ್ಚು ಇಷ್ಟ.

ಹಾಲನ್ನು ಪೂರ್ತಿ ಬಿಟ್ಟ ಮನೆಯವರು ಇನ್ನೊಂದನ್ನು ಮರೆಯಬಾರದು. ಹಾಲು, ತತ್ತಿ ಇಲ್ಲದ ಸಸ್ಯಾಹಾರದಿಂದ ಬಿ12 ವಿಟಮಿನ್ ಸಾಕಷ್ಟು ಸಿಗುವುದಿಲ್ಲ. ಮಕ್ಕಳು, ಬಸುರಿಯರು ಇದ್ದರಂತೂ ಮಾತ್ರೆಯ ಬಗ್ಗೆ ವೈದ್ಯರನ್ನು ಈಗಲೇ ಕೇಳಿ.